ಟೆಸ್ಟರ್ ಮನೆಯ ಮೀನುಗಳು

ಲಿಫ್ಟ್ ರಿಪೇರಿ ಮಾಡುವ ಆ ಕಂಪನಿಯಲ್ಲಿ ಅವನನ್ನು ಎಲ್ಲರೂ ಟೆಸ್ಟರ್ ಎಂದೇ ಕರೆಯುತ್ತಿದ್ದರು. ಅಂಗಿ ಯಾವುದೇ ಇರಲಿ, ಜೇಬಿನಲ್ಲಿ ಕರೆಂಟ್ ನೋಡುವ ಟೆಸ್ಟರ್ ಇರಲೇಬೇಕು. ಮದುವೆ ಮನೆಗೆ ಹೋದಾಗಲೂ ಇರುತ್ತಿತ್ತು. ಉಳಿದವರು ಕೈಚೆಲ್ಲಿದ ಲಿಫ್ಟುಗಳು ಕೊನೆಗೆ ಅವನ ಪಾಲಿಗೆ ಬರುತ್ತಿದ್ದವು. ಅವನ ರೀತಿಯಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಅನುಮಾನ ಬಂದ ಒಂದು ಭಾಗವನ್ನು ತೆಗೆದಿಡುವುದು, ನೋಡುವುದು. ದೋಷ ಹಾಗೇ ಇದ್ದರೆ ಅದನ್ನು ಮತ್ತೆ ಕೂರಿಸಿ ಇನ್ನೊಂದನ್ನು ತೆಗೆಯುವುದು. ಬೈಯುತ್ತಿರಲಿಲ್ಲ, ಗಡಿಬಿಡಿ ಮಾಡುತ್ತಿರಲಿಲ್ಲ. ಅವನಷ್ಟು ತಾಳ್ಮೆಯ ಮನುಷ್ಯ ಇಲ್ಲ ಎಂದು ಮೇಲಿನವರು ಹೇಳುತ್ತಿದ್ದರು, ಅದು ನಿಜವೂ ಆಗಿತ್ತು.

ಮನೆಯಲ್ಲಿ ಮೂವರು. ಅವನು, ಬಟ್ಟೆ ಅಂಗಡಿಯೊಂದರಲ್ಲಿ ಅಳತೆ ತಿದ್ದಿ ಹೊಲಿದು ಕೊಡುವ ಅವನ ಹೆಂಡತಿ, ಮತ್ತು ಹೆಂಡತಿಯ ತಾಯಿ. ಅತ್ತೆ ಒಂದು ಕಾಲದಲ್ಲಿ ದೊಡ್ಡ ಆಸ್ಪತ್ರೆಯ ಅಡುಗೆಮನೆಯಲ್ಲಿದ್ದವರು. ಬೆಳಗಾಗುತ್ತಲೇ ಹಾಲು ಕಾಯಿಸಿ ವಾರ್ಡ್ ವಾರ್ಡಿಗೆ ಕಳಿಸುವುದು ಅವರ ಕೆಲಸ. ಗಂಡ ಸತ್ತಮೇಲೆ ಮಗಳ ಮನೆಗೆ ಬಂದರು. ಮಾತಿನ ಮಲ್ಲಿ. ಅಳಿಯ ಮಾತಾಡದ ಮನುಷ್ಯನಾದ್ದರಿಂದ ಇಬ್ಬರ ಪಾಲಿನದನ್ನೂ ತಾವೇ ಆಡಿಬಿಡುತ್ತಿದ್ದರು. ಈಚೆಗೆ ಸ್ವಲ್ಪ ಮರೆವು ಶುರುವಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಬೀಳುವುದು, ನಲ್ಲಿ ತಿರುಗಿಸಿ ಹಾಗೇ ಬಿಟ್ಟುಬರುವುದು, ಅಷ್ಟೇ.

ಖಾಲಿಯಾಗುತ್ತಿದ್ದ ಒಂದು ಕಚೇರಿಯಿಂದ ಅವನು ಫಿಶ್ ಟ್ಯಾಂಕ್ ತಂದ. ಬೇಕಾದರೆ ತಗೊಂಡು ಹೋಗು, ಇಲ್ಲದಿದ್ದರೆ ಒಡೆದು ಬಿಸಾಕುತ್ತೇವೆ ಎಂದು ಅಲ್ಲಿಯವರು ಹೇಳಿದ್ದರಂತೆ. ನಡುಮನೆಯ ಗೋಡೆಗೆ ಒರಗಿಸಿ ಸ್ಟ್ಯಾಂಡ್ ಇಟ್ಟ, ಫಿಲ್ಟರ್ ಕೂರಿಸಿದ, ಕೆಳಗೆ ಬಿಳಿ ಕಲ್ಲು ಹಾಸಿದ, ಅಂಗಡಿಯಿಂದ ಗೋಲ್ಡ್ ಫಿಶ್ ತಂದು ಬಿಟ್ಟ. ಅತ್ತೆಯ ಮುಖ ಇಷ್ಟಗಲವಾಯಿತು. ಕುರ್ಚಿಯನ್ನು ಟ್ಯಾಂಕಿನ ಮುಂದಕ್ಕೆ ಎಳೆದುಕೊಂಡವರು ಮತ್ತೆ ಹಿಂದಕ್ಕೆ ಹಾಕಲಿಲ್ಲ. ಬಂಧುಬಳಗದ ಹೆಸರನ್ನೆಲ್ಲ ಮೀನುಗಳಿಗೆ ಇಟ್ಟರು. ತಿಂಡಿ ಹಾಕಿದರೆ ಎಲ್ಲರನ್ನೂ ನೂಕಿಕೊಂಡು ಮುಂದೆ ಬರುತ್ತಿದ್ದ ದಪ್ಪನೆಯದಕ್ಕೆ 'ಬೀಗಿತ್ತಿ' ಎಂದರು. ಬೀಗಿತ್ತಿ ಎಂದರೆ ಅಳಿಯನ ತಾಯಿಯೇ. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವನು ನಗಲಿಲ್ಲ.

ಮೊದಲು ಸತ್ತದ್ದು ಬೀಗಿತ್ತಿಯೇ. ನೀರಿನ ಮೇಲಕ್ಕೆ ಬಂದು ಬಾಯಿ ಕಳೆದು ಕಳೆದು ಗಾಳಿ ಕುಡಿಯಿತು, ರೆಕ್ಕೆಯ ಮೇಲೆ ಕೆಂಪು ಗೆರೆ ಮೂಡಿತು, ಸಂಜೆಗೆ ಒಂದು ಮಗ್ಗುಲಾಗಿ ತೇಲಿತು. ಬೆನ್ನಹಿಂದೆಯೇ ಉಳಿದವೂ ಹೋದವು. ಅವನು ಟ್ಯಾಂಕ್ ಪೂರ್ತಿ ಬರಿದು ಮಾಡಿದ. ಕಲ್ಲುಗಳನ್ನು ಬಿಸಿನೀರಿನಲ್ಲಿ ಉಜ್ಜಿದ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿದ, ಗಾಜು ಕನ್ನಡಿಯಂತೆ ಹೊಳೆಯಿತು. ಹೊಸ ನೀರು ತುಂಬಿ, ಕ್ಲೋರಿನ್ ಹೋಗಲಾಡಿಸುವ ಹನಿ ಹಾಕಿ ಹೊಸ ಮೀನು ಬಿಟ್ಟ. ಅವೂ ಸತ್ತವು. ಅಲ್ಲಿಂದ ಮುಂದೆ ಪ್ರತಿ ರಜಾದಿನವೂ ಅದೇ ಕೆಲಸ. ಅಷ್ಟು ಚೊಕ್ಕಟವಾದ ಟ್ಯಾಂಕನ್ನು ತಾವೆಲ್ಲೂ ಕಂಡಿಲ್ಲ ಎಂದು ಪಕ್ಕದ ಮನೆಯವರು ಹೇಳಿಹೋದರು. ಮೀನುಗಳು ಮಾತ್ರ ವಾರದ ನಡುವೆಯೇ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು.

ಆಗ ಅವನು ತನ್ನ ರೀತಿಯನ್ನು ಮನೆಗೆ ತಂದ. ಮೊದಲು ದೀಪ ತೆಗೆದ. ಆಮೇಲೆ ಪ್ಲಾಸ್ಟಿಕ್ ಗಿಡ, ಆಮೇಲೆ ಕಲ್ಲು. ಮೀನಿನ ತಿಂಡಿ ಬದಲಾಯಿಸಿದ. ಅದೂ ಅಲ್ಲವೆಂದಾದಾಗ ಸೊಳ್ಳೆಬತ್ತಿ ನಿಲ್ಲಿಸಿದ. ಹೆಂಡತಿ ರಾತ್ರಿಯೆಲ್ಲ ಕೈಕಾಲು ಕೆರೆದುಕೊಂಡಳು. ನೆಲ ಒರೆಸುವ ಫಿನಾಯಿಲ್ ಬಾಟಲಿಯನ್ನು ಹೊರಗೆಸೆದ. ಅವಳು ತಲೆಗೆ ಹಚ್ಚುವ ಎಣ್ಣೆ, ಬಟ್ಟೆಗೆ ಹಾಕುವ ನುಸಿ ಗುಳಿಗೆ, ಎಲ್ಲವೂ ಒಂದೊಂದಾಗಿ ಹೋದವು. ಇಷ್ಟು ತೆಗೆದ ಮೇಲೂ ಮೀನು ಸಾಯುತ್ತಿದ್ದುದರಿಂದ ಒಂದು ಸಂಜೆ ಊಟ ಮಾಡುತ್ತ, ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ ಎಂದು ಹೆಂಡತಿಯನ್ನು ಕೇಳಿದ. ಗೊತ್ತಿದ್ದದ್ದನ್ನೇ ಕೇಳುತ್ತಾನಲ್ಲ ಎಂದುಕೊಂಡು ಅವಳು ಅವನ ತಟ್ಟೆಗೆ ಸಾರು ಬಡಿಸಿದಳು.

ಮರುದಿನ ಮಧ್ಯಾಹ್ನ ಅವನು ಕೆಲಸದಿಂದ ಬೇಗ ಬಂದ. ಅತ್ತೆ ಕುರ್ಚಿಯಲ್ಲಿ ಕೂತು ಬಿಸ್ಕೆಟಿನ ಚೂರನ್ನು ಬೆರಳಲ್ಲಿ ಪುಡಿ ಮಾಡಿ ನೀರಿಗೆ ಉದುರಿಸುತ್ತಿದ್ದರು. ಅವನು ಬೈಯಲಿಲ್ಲ. ಕೈ ತೊಳೆದುಕೊಂಡು ಬಂದು, ಇನ್ನೊಂದು ಕುರ್ಚಿ ಎಳೆದು ಅವರ ಎದುರಿಗೆ ಹಾಕಿಕೊಂಡ. ಕೈಯಲ್ಲಿ ಅವರ ಬಿ.ಪಿ. ಮಾತ್ರೆಯ ಹಾಳೆ ಇತ್ತು.

"ಇದರಲ್ಲಿ ಇರಬೇಕಾದಷ್ಟು ಇಲ್ಲ ಅತ್ತೆ. ಎಲ್ಲಿ ಹೋಯ್ತು?"

"ನುಂಗಿರ್ತೀನಪ್ಪ."

"ನುಂಗಿದ್ದು ನೆನಪಿದೆಯಾ?"

ಅತ್ತೆ ಯೋಚಿಸಿದರು. ನೆನಪಿಲ್ಲ ಎಂದರು.

"ಬಿಸ್ಕೆಟ್ ಹಾಕಿದ್ದು ನಾನು ನೋಡಿದೆ. ದಿನಾ ಹಾಕ್ತೀರಾ?"

"ಇಲ್ಲಪ್ಪ, ಇವತ್ತೇ. ಇರಬೇಕು. ನೆನಪಿಲ್ಲ."

"ಮಾತ್ರೆ ನೀರಿಗೆ ಹಾಕಿಲ್ಲ ಅಂತ ನೆನಪಿದೆಯಾ?"

"ಯಾಕಪ್ಪ ಹಾಕ್ಲಿ ನಾನು?"

"ಯಾಕೆ ಅಂತ ಕೇಳಿಲ್ಲ. ಹಾಕಿಲ್ಲ ಅನ್ನೋದು ನೆನಪಿದೆಯಾ ಅಂತ ಕೇಳಿದೆ."

ಅವನು ಧ್ವನಿ ಏರಿಸಲಿಲ್ಲ. ಮೊನ್ನೆ ಸಾರಿಗೆ ಉಪ್ಪು ಹಾಕಿದ್ದು ನೆನಪಿದೆಯೇ ಎಂದ. ಇಲ್ಲ. ಆದರೆ ಹಾಕಿದ್ದು ನಿಜ ತಾನೇ? ನಿಜ. ನಲ್ಲಿ ಬಿಟ್ಟದ್ದು ನೆನಪಿದೆಯೇ? ಇಲ್ಲ. ಆದರೆ ಬಿಟ್ಟದ್ದು ನಿಜ. ಹಾಗೆ ಒಂದೊಂದೇ ಕೇಳುತ್ತ ಹೋದ. ಅತ್ತೆ ನೀರು ಕುಡಿಯಲು ಎದ್ದಾಗ ತಾನೇ ಹೋಗಿ ತಂದುಕೊಟ್ಟ, ಮತ್ತೆ ಕೂರಿಸಿ ಕೇಳಿದ. ಅಷ್ಟು ಮಾತಾಡುವ ಹೆಂಗಸಿಗೆ ಮಾತು ಖಾಲಿಯಾಯಿತು. ಗಾಜಿನ ಆಚೆ ಕೊನೆಯ ಮೀನು ಮೇಲಕ್ಕೆ ಬಂದು ಬಾಯಿ ಕಳೆಯುತ್ತಿತ್ತು. ಅವರು ಅದನ್ನೇ ನೋಡಿದರು.

"ಹಾಗಾದ್ರೆ ನಾನೇ ಹಾಕಿರಬೇಕು," ಎಂದರು.

ಟೆಸ್ಟರ್ ಎದ್ದು ಕುರ್ಚಿಯನ್ನು ಅದರ ಜಾಗಕ್ಕೆ ಇಟ್ಟ.

ಸಂಜೆ ಹೆಂಡತಿ ಬಂದಾಗ, ಒಪ್ಪಿಕೊಂಡರು ಎಂದು ಒಂದೇ ಮಾತು ಹೇಳಿದ. ಅವಳು ಒಳಗೆ ಹೋಗಿ ತಾಯಿಯನ್ನು ಕೇಳಿದಳು. ತಾಯಿ ಹೌದು ಕಣೇ ಎಂದು ಅತ್ತರು. ಅವಳು ನಂಬಿದಳೋ ಇಲ್ಲವೋ, ನಂಬಿದರೆ ಅನುಕೂಲವಿತ್ತು. ಮನೆಯಲ್ಲಿ ದಿನ ಬೆಳಗಾದರೆ ಇದೇ ರಾಮಾಯಣವಾಗಿ ಅವಳೂ ಬೇಸತ್ತಿದ್ದಳು. ಸ್ವಲ್ಪ ದಿನ ಅಮ್ಮ ನಿನ್ನ ತಮ್ಮನ ಮನೆಯಲ್ಲಿರಲಿ ಎಂದು ಅವನು ಹೇಳಿದಾಗ ಅವಳೇ ತಾಯಿಯ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು.

ಅತ್ತೆಯನ್ನು ಮಗನ ಮನೆಗೆ ಬಿಟ್ಟುಬಂದವನೂ ಅವನೇ. ಬರುವಾಗ ಭಾವಮೈದುನನನ್ನು ಬಾಗಿಲ ಹೊರಗೆ ಕರೆದು, ಅಮ್ಮನನ್ನು ನೀರಿನ ಹತ್ತಿರ, ಹಾಲಿನ ಹತ್ತಿರ ಬಿಡಬೇಡಿ, ಮಾತ್ರೆ ಹಾಕಿಬಿಡುತ್ತಾರೆ ಎಂದು ಎಚ್ಚರಿಸಿದ. ಆ ಮನೆಯಲ್ಲಿ ಚಿಕ್ಕ ಮಗುವಿತ್ತು. ಸೊಸೆ ಅದನ್ನು ಗಂಡನಿಂದ ಕೇಳಿ ಮಗುವನ್ನು ಎತ್ತಿಕೊಂಡಳು. ಅಂದಿನಿಂದ ಅಡುಗೆಮನೆಗೆ ಚಿಲಕ ಬಿತ್ತು. ಸಾವಿರಾರು ರೋಗಿಗಳಿಗೆ ಹಾಲು ಕಾಯಿಸಿ ಕಳಿಸಿದ ಹೆಂಗಸಿಗೆ ಲೋಟದಲ್ಲಿ ಅಳೆದು ಹೊರಗೆ ತಂದುಕೊಡುವುದಾಯಿತು. ಮೊಮ್ಮಗು ಅಜ್ಜಿಯ ಕೈಯಿಂದ ನೀರು ಕುಡಿದರೆ ಸೊಸೆ ಓಡಿಬಂದು ಲೋಟ ಕಿತ್ತುಕೊಳ್ಳುತ್ತಿದ್ದಳು. ಅವಳೇನೂ ಕೆಟ್ಟ ಹೆಂಗಸಲ್ಲ; ತಾಯಿಯಾದವಳು ಮಾಡುವುದನ್ನೇ ಮಾಡಿದಳು. ಅತ್ತೆಯೂ ಎದುರಾಡಲಿಲ್ಲ. ಮಗು ಹತ್ತಿರ ಬಂದರೆ ತಾವೇ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಳ್ಳುವುದನ್ನು ಕಲಿತರು.

ಇತ್ತ ಮನೆಯಲ್ಲಿ ಮೀನುಗಳು ಸಾಯುವುದು ನಿಲ್ಲಲಿಲ್ಲ. ಅವನು ತೊಳೆಯುವುದನ್ನು ಇನ್ನಷ್ಟು ಹೆಚ್ಚಿಸಿದ. ಅತ್ತೆ ಹಾಕಿದ ವಿಷ ಗಾಜಿನ ಮೂಲೆಯ ಅಂಟಿನಲ್ಲಿ ಉಳಿದಿರಬೇಕು ಎನ್ನುತ್ತಿದ್ದ. ಹೆಂಡತಿ ಅದನ್ನು ಕೇಳಿ ಮೊದಲ ಸಲ ಅವನ ಮುಖವನ್ನು ದಿಟ್ಟಿಸಿ ನೋಡಿದಳು.

ಆಮೇಲೊಂದು ದಿನ ಅವನು ಲಿಫ್ಟಿನ ಮೇಲಿನಿಂದ ಇಳಿಯುವಾಗ ಕಾಲು ಜಾರಿ ಬಿದ್ದ. ಬಲಗೈಯ ಮಣಿಕಟ್ಟು ಮುರಿದು ಮೊಣಕೈ ತನಕ ಪ್ಲಾಸ್ಟರ್ ಬಿತ್ತು. ಟ್ಯಾಂಕ್ ತೊಳೆಯುವವರಿಲ್ಲ. ಹೆಂಡತಿಗೆ ಅಷ್ಟು ನೀರು ಹೊರಲು ಪುರಸೊತ್ತೂ ಇಲ್ಲ, ಮನಸ್ಸೂ ಇಲ್ಲ. ಅಂಗಡಿಗೆ ಹೊರಡುವ ಮುಂಚೆ ಒಂದು ಬಕೆಟ್ ನೀರು ತೆಗೆದು, ಹಿಂದಿನ ದಿನವೇ ಹಿಡಿದಿಟ್ಟ ಒಂದು ಬಕೆಟ್ ಸುರಿಯುತ್ತಿದ್ದಳು, ಒಂದು ಚಿಟಿಕೆ ತಿಂಡಿ ಹಾಕುತ್ತಿದ್ದಳು, ಅಷ್ಟೇ. ಅವನು ಹಾಸಿಗೆಯಿಂದಲೇ ಗೊಣಗುತ್ತಿದ್ದ. ನೀರು ಮೊದಲು ಮಬ್ಬಾಯಿತು, ಆಮೇಲೆ ತಾನಾಗಿ ತಿಳಿಯಾಯಿತು. ಗಾಜಿಗೆ ಹಸಿರು ಪಾಚಿ ಹತ್ತಿತು. ಸ್ಪಂಜು ಕಂದುಬಣ್ಣಕ್ಕೆ ತಿರುಗಿ ಲೋಳೆಲೋಳೆಯಾಯಿತು. ಆ ಕೊಳಕಿನಲ್ಲಿ ಮೀನುಗಳು ಬದುಕಿದವು. ಬದುಕಿದ್ದಷ್ಟೇ ಅಲ್ಲ, ಮೈತುಂಬಿಕೊಂಡವು.

ಅವಳು ಅಂಗಡಿಯಿಂದ ಬರುವ ದಾರಿಯಲ್ಲಿ ಗಂಡನಿಗೆ ಮೀನು ಮಾರುತ್ತಿದ್ದವನನ್ನು ಹೋಗಿ ಕೇಳಿದಳು. ಅವನು ಬಲೆಯಿಂದ ಯಾರಿಗೋ ಮೀನು ಹಿಡಿದುಕೊಡುತ್ತಲೇ ಹೇಳಿದ. ಮೀನಿನ ಹೊಲಸಿನಿಂದ ನೀರಿನಲ್ಲಿ ವಿಷವಾಗುತ್ತದೆ. ಸ್ಪಂಜಿನಲ್ಲಿ, ಕಲ್ಲಿನಲ್ಲಿ ಸೇರಿಕೊಳ್ಳುವ ಲೋಳೆ ಆ ವಿಷವನ್ನು ತಿನ್ನುತ್ತದೆ. ಲೋಳೆ ಕೂಡುವ ಮುಂಚೆಯೇ ಎಲ್ಲವನ್ನೂ ತಿಕ್ಕಿ ತೊಳೆದರೆ ವಿಷ ಹಾಗೇ ಉಳಿಯುತ್ತದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು.

"ನಿಮ್ಮ ಯಜಮಾನ್ರು ಬರೋರು, ಮೀನು ತೋರ್ಸೋರು, ತಗೊಂಡು ಹೋಗೋರು. ಒಂದು ದಿನ ಕೇಳ್ಲಿಲ್ಲ. ಕೇಳದೇ ಇರೋರಿಗೆಲ್ಲ ಹೇಳ್ತಾ ಕೂತ್ರೆ ನಾನು ಮೀನು ಮಾರೋದು ಯಾವಾಗಮ್ಮ?"

ಮನೆಗೆ ಬಂದವಳು ಚೀಲ ಕೆಳಗಿಡದೆ ಗಂಡನ ಮುಂದೆ ನಿಂತಳು.

"ಎಲ್ಲಾನೂ ತೆಗೆದು ನೋಡಿದ್ರಿ. ನಮ್ಮಮ್ಮನ್ನೂ ತೆಗೆದ್ರಿ. ಈ ಸಲ ತೆಗೆದಿದ್ದು ನಿಮ್ಮನ್ನ. ಮೀನು ಬದುಕಿದಾವೆ."

ಅವನು ಟ್ಯಾಂಕನ್ನೇ ಬಹಳ ಹೊತ್ತು ನೋಡಿದ. ದೋಷ ಎಲ್ಲಿದೆಯೆಂದು ಅವನಿಗೆ ತಿಳಿಯಿತು. ತಿಳಿಯದ ಮನುಷ್ಯನಲ್ಲ ಅವನು. ಅಮ್ಮನಿಗೆ ನೀವೇ ಹೋಗಿ ಹೇಳಬೇಕು, ನಿಮ್ಮ ಬಾಯಿಂದಲೇ ಹೇಳಬೇಕು, ತಮ್ಮನ ಹೆಂಡತಿಯ ಎದುರಿಗೇ ಹೇಳಬೇಕು ಎಂದಳು. ಆಯಿತು ಎಂದ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಹೋದ. ಭಾವಮೈದುನನ ಹೆಂಡತಿ ಚಹಾ ತಂದಿಟ್ಟಳು. ಅತ್ತೆಗೆ ಕೊಟ್ಟಿದ್ದು ಅಡುಗೆಮನೆಯ ಪಕ್ಕದ ಸಾಮಾನಿನ ಕೋಣೆ. ಹಳೆಯ ಸೂಟ್‌ಕೇಸುಗಳ ನಡುವೆ ಒಂದು ಮಂಚ. ಅಳಿಯನನ್ನು ಕಂಡು ಎದ್ದು ನಿಂತರು. ಸೊರಗಿದ್ದರು. ಕೈ ಹೇಗಿದೆ ಎಂದು ಕೇಳಿದರು. ಆಮೇಲೆ ಮೆಲ್ಲಗೆ, ಮೀನು ಹೇಗಿದಾವೆ ಎಂದರು. ಚೆನ್ನಾಗಿವೆ ಎಂದ.

"ನಾನಿಲ್ವಲ್ಲ ಈಗ," ಎಂದರು ಅತ್ತೆ, ಮುಖದಲ್ಲಿ ಒಂದು ಬಗೆಯ ಸಮಾಧಾನವಿತ್ತು.

ಬಾಗಿಲಲ್ಲಿ ಸೊಸೆ ನಿಂತಿದ್ದಳು. ಹೇಳುವುದಿದ್ದರೆ ಅದೇ ಹೊತ್ತು. ಟೆಸ್ಟರ್ ತಲೆಯೆತ್ತಿ ಮೇಲೆ ನೋಡಿದ. ಫ್ಯಾನು ಕಟಕಟ ಸದ್ದು ಮಾಡುತ್ತಿತ್ತು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿ, ಸ್ಟೂಲ್ ತರಿಸಿ, ಎಡಗೈಯಲ್ಲೇ ಸ್ಕ್ರೂ ಬಿಗಿ ಮಾಡಿದ. ಸದ್ದು ನಿಂತಿತು. ಚಹಾ ಕುಡಿದು ಹೊರಟುಬಂದ.

ಹೆಂಡತಿ ಹೇಳಿದಿರಾ ಎಂದು ಕೇಳಿದಳು. ಹೇಳಿದೆ ಎಂದ.

ಮುಂದಿನ ರಜಾದಿನ ಅವಳು ತಾಯಿಯನ್ನು ಕರೆತರಲೆಂದೇ ಹೋದಳು. ಅಡುಗೆಮನೆಯ ಚಿಲಕ ಹಾಗೇ ಇತ್ತು. ಅಳಿಯಂದಿರು ಬಂದಿದ್ದರು, ಪಾಪ, ನೋವಿನ ಕೈಯಲ್ಲೇ ಫ್ಯಾನ್ ಸರಿಮಾಡಿ ಹೋದರು, ನಾನು ಅಷ್ಟು ಮಾಡಿದ್ದರೂ ಒಂದು ಮಾತು ಎತ್ತಲಿಲ್ಲ ಎಂದು ತಾಯಿ ಕೊಂಡಾಡಿದರು. ಅವನು ಹೇಳಿಲ್ಲವೆಂದು ಅವಳಿಗೆ ತಿಳಿಯಿತು. ಮಂಚದ ಮೇಲೆ ಕೂತು, ತಾಯಿಯ ಎರಡೂ ಕೈ ಹಿಡಿದುಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದಳು. ನೀನಲ್ಲಮ್ಮ, ಅವರು ತೊಳೆದು ತೊಳೆದು ಸಾಯಿಸಿದ್ದು ಎಂದಳು. ತಾಯಿ ಮಗುವಿನ ಮಾತು ಕೇಳುವಂತೆ ನಗುತ್ತ ಕೇಳಿದರು.

"ನನ್ನ ಮೇಲಿನ ಪ್ರೀತಿಗೆ ಹೇಳ್ತೀಯ. ಅವರು ಮೆಷೀನಿನ ಕೆಲಸದೋರು ಕಣೇ, ಒಂದೊಂದೇ ಕೇಳಿ ಕೇಳಿ ಕಂಡುಹಿಡಿದಿದ್ದು. ತಪ್ಪು ಅವರದ್ದಾಗಿದ್ರೆ ಮೊನ್ನೆ ಬಂದಾಗ ಹೇಳ್ತಿರಲಿಲ್ವಾ?"

ಬಾಗಿಲಲ್ಲಿದ್ದ ಸೊಸೆಯೂ ಅದನ್ನೇ ಹೇಳಿದಳು. ಭಾವ ಬಂದಿದ್ದರಲ್ಲ ಅತ್ತಿಗೆ, ಅವರೇನೂ ಅಂಥದ್ದು ಹೇಳಲಿಲ್ಲವಲ್ಲ. ಮನೆಗೆ ಹೋಗೋಣ ನಡಿ ಎಂದು ಮಗಳು ಎಷ್ಟು ಗೋಗರೆದರೂ ತಾಯಿ ಮಂಚ ಬಿಟ್ಟೇಳಲಿಲ್ಲ. ಬೇಡ, ಅಲ್ಲಿ ನೀರಿದೆ, ಮತ್ತೆ ಏನಾದರೂ ಹಾಕಿಬಿಟ್ಟೇನು ಎಂದರು.

ಅಂದು ಗಂಡಹೆಂಡಿರ ನಡುವೆ ಜಗಳವೇನೂ ಆಗಲಿಲ್ಲ. ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಅವನು, ಹೇಳಿದರೂ ಅವರಿಗೆ ನೆನಪಿರುತ್ತಿರಲಿಲ್ಲ ಎಂದ. ಅದಾದ ಮೇಲೆ ಅವಳು ಅವನೊಡನೆ ಬೇಕಾದಷ್ಟೇ ಮಾತಾಡಿದಳು. ಪ್ರತಿ ವಾರ ತಾಯಿಯ ಬಳಿ ಹೋಗಿ ಅದೇ ಮಾತು ಹೇಳಿಬರುತ್ತಿದ್ದಳು. ತಾಯಿ ಮಗಳ ಹೆಸರು ಮರೆತರು, ಆಸ್ಪತ್ರೆಯ ಕೆಲಸ ಮರೆತರು, ಕೊನೆಕೊನೆಗೆ ಊಟ ಮಾಡಿದ್ದೂ ಮರೆಯುತ್ತಿದ್ದರು. ಮೀನು ಕೊಂದದ್ದನ್ನು ಮಾತ್ರ ಮರೆಯಲಿಲ್ಲ. ಯಾರು ಕೋಣೆಗೆ ಬಂದರೂ ಮೊದಲು ಕ್ಷಮೆ ಕೇಳುತ್ತಿದ್ದರು.

ಆ ಕೋಣೆಯಲ್ಲೇ ಅವರು ಸತ್ತರು. ಮಾತನಾಡಿಸಲು ಬಂದ ನೆಂಟರ ಮುಂದೆ ಟೆಸ್ಟರ್ ಅಳಿಯನಿಗೆ ತಕ್ಕಂತೆ ಗಂಭೀರವಾಗಿ ಕೂತಿದ್ದ. ಕೊನೆಯಲ್ಲಿ ಮರೆವು ಜಾಸ್ತಿಯಾಗಿತ್ತು ಪಾಪ, ಏನೇನೋ ಮಾಡಿಬಿಡೋರು, ನಾವೆಲ್ಲ ಸಹಿಸಿಕೊಂಡೆವು ಎಂದ. ಕಿಟಕಿಯ ಪಕ್ಕ ನಿಂತಿದ್ದ ಹೆಂಡತಿ ತಿರುಗಿದಳು. ಅಳಲಿಲ್ಲ, ಕೂಗಲಿಲ್ಲ. ಸ್ಪಂಜು, ಕಲ್ಲು, ಮಾತ್ರೆಯ ಹಾಳೆ, ಎದುರಿಗೆ ಹಾಕಿದ ಕುರ್ಚಿ, ಫ್ಯಾನು, ಒಂದನ್ನೂ ಬಿಡದೆ ಎಲ್ಲರ ಎದುರಿಗೆ ಹೇಳಿ ಮುಗಿಸಿದಳು. ಅವಳ ತಮ್ಮ ನೆಲ ನೋಡುತ್ತ ಕೂತ. ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ನೆಂಟರ ನಡುವೆ ಕೂತಿದ್ದ ಅವಳ ದೊಡ್ಡಪ್ಪನವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡು, "ಹೋಗ್ಲಿ ಬಿಡಮ್ಮ. ಮೀನಿನ ವಿಷಯ ತಾನೇ?" ಎಂದರು.

ಹೌದು, ಹೌದು ಎಂದರು ಒಂದಿಬ್ಬರು. ಕೆಳಗೆ ಗಾಡಿ ಬಂದಿದೆ ಎಂದು ಯಾರೋ ಹೇಳಿದರು. ಎಲ್ಲರೂ ಎದ್ದು, ಬಾಗಿಲ ಬಳಿಯ ಗುಂಪಿನಲ್ಲಿ ತಮ್ಮ ತಮ್ಮ ಚಪ್ಪಲಿ ಹುಡುಕತೊಡಗಿದರು.