ಕೆಲಗೇರಿಯ ಗಾದಿಯಲ್ಲಿ ಅವ್ವನ ಒಂದು ಹಿಡಿ ಹತ್ತಿ

ಕಳೆದ ವಾರ ದೇಶಪಾಂಡೆ ನಗರದ ಅಂಗಡಿಯಿಂದ ಫೋಮಿನ ಹಾಸಿಗೆಯೊಂದನ್ನು ತಂದೆ. ಇದು ನಿಮ್ಮ ಮೈಯ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ಅಂಗಡಿಯವನು ಬಹಳ ಗಂಭೀರವಾಗಿ ಹೇಳಿದ. ನನ್ನ ಆಕಾರ ನೆನಪಿಟ್ಟುಕೊಂಡು ಅದು ಏನು ಸಾಧಿಸುತ್ತದೋ ಗೊತ್ತಿಲ್ಲ. ಮನೆಗೆ ತಂದು ಪ್ಲಾಸ್ಟಿಕ್ ಹರಿದರೆ ಹೊಸ ಚಪ್ಪಲಿಯ ವಾಸನೆ. ಜಾಗ ಮಾಡಲೆಂದು ನನ್ನ ಹಳೆಯ ಗಾದಿ ಎತ್ತಿದಾಗ ಹೊಲಿಗೆ ಬಿಚ್ಚಿ ಒಂದಿಷ್ಟು ಹತ್ತಿ ಹೊರಗೆ ಬಿತ್ತು. ಬಿಸಿಲು, ಧೂಳು, ಸ್ವಲ್ಪ ಕೊಬ್ಬರಿ ಎಣ್ಣೆ... ಆ ವಾಸನೆಯ ಹಿಂದೆಯೇ ನಮ್ಮ ಗಾದಿ ಕಾಕಾ ಬಂದು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು.

ಕಾಕಾ ನಮ್ಮ ಓಣಿಯ ಕೊನೆಯ ಮನೆಯವರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವರ ಕೆಲಸ. ನಾನು ಪಿಯುಸಿಗೆ ಸೇರಿದ ವರ್ಷ ನಾವು ಇಳಕಲ್ಲು ಬಿಟ್ಟು ಕೆಲಗೇರಿ ಕೆರೆಯ ಆಚೆಗಿನ ಹೊಸ ಬಡಾವಣೆಗೆ ಬಂದೆವು. ಅಪ್ಪನಿಗೆ ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಧಾರವಾಡದ ಆ ಓಣಿಯಲ್ಲಿ ಧಾರವಾಡದವರೊಬ್ಬರೂ ಇರಲಿಲ್ಲ. ಹೊಸಪೇಟೆಯವರು ಮಕ್ಕಳ ಕಾಲೇಜಿಗೆಂದು ಬಂದಿದ್ದರು, ಸಿರಸಿಯವರು ಮಗಳ ಸಂಗೀತಕ್ಕೆಂದು, ವಿಜಯಪುರದ ಮಾಸ್ತರರು ನಿವೃತ್ತಿಯ ನಂತರ ಇಲ್ಲಿಯ ತಂಪಿಗೆಂದು. ಕಾಕಾ ಹಳೇ ಹುಬ್ಬಳ್ಳಿಯ ಗಲ್ಲಿಯಿಂದ ಬಂದವರು. ಯಾಕೆ ಬಂದಿರಿ ಎಂದರೆ ದಿನಕ್ಕೊಂದು ಕಾರಣ. ಒಮ್ಮೆ, ಹೊಸ ಮನೆಗಳಿರುವಲ್ಲಿ ಗಾದಿಗೆ ಗಿರಾಕಿ ಹೆಚ್ಚು ಎನ್ನುವರು. ಇನ್ನೊಮ್ಮೆ, ಅಣ್ಣತಮ್ಮಂದಿರ ಗೊರಕೆ ತಾಳಲಾರದೆ ಓಡಿಬಂದೆ ಎನ್ನುವರು.

ನಾನು ಎಲ್ಲರ ದನಿಯನ್ನೂ ಅವರ ಹಾಗೆಯೇ ತೆಗೆಯುತ್ತಿದ್ದೆ. ಮಾಸ್ತರರ ಕೆಮ್ಮು, ಸಿರಸಿಯವರ ಮಗಳ ಸರಿಗಮ, ಎಲೆಯಡಿಕೆ ತುಂಬಿದ ಬಾಯಿಂದ ಕಾಕಾ ಬೈಯುವ ರೀತಿ. ಆಗಷ್ಟೇ ಒಡೆಯುತ್ತಿದ್ದ ನನ್ನ ದನಿಯನ್ನು ಕಾಕಾ ತೆಗೆದು ತೋರಿಸಿದಾಗ ಮಾತ್ರ ನನಗೆ ಅನುಕರಣೆ ಕೀಳು ಕಲೆ ಎನಿಸುತ್ತಿತ್ತು.

ಅವ್ವನ ದನಿ ತೆಗೆಯಲು ಆಗುತ್ತಿರಲಿಲ್ಲ. ಆಕೆ ಮಾತೇ ಆಡುತ್ತಿರಲಿಲ್ಲವಲ್ಲ. ಇಳಕಲ್ಲಿನಲ್ಲಿ ಕಟ್ಟೆಯ ಮೇಲೆ ಕೂತು ಇಡೀ ಓಣಿಯ ಕಾರಭಾರ ನಡೆಸಿದವಳು ಇಲ್ಲಿ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳು. ಯುಗಾದಿಯತನಕ ನೋಡುತ್ತೇನೆ, ಮನಸ್ಸು ಹತ್ತಲಿಲ್ಲವೆಂದರೆ ಮಗನನ್ನು ಕರಕೊಂಡು ಊರಿಗೆ ಹೊರಟೆ, ನೀವು ಖಾನಾವಳಿಯಲ್ಲಿ ಉಂಡುಕೊಂಡಿರಿ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದಳು. ಅದು ಬರೀ ಬಾಯಿಮಾತಾಗಿರಲಿಲ್ಲ. ಮದುವೆಯಲ್ಲಿ ತವರಿನವರು ಕೊಟ್ಟ ಅವಳ ಗಾದಿ, ಲಾರಿಯಿಂದ ಇಳಿದಾಗ ಕಟ್ಟಿದ್ದ ಹಗ್ಗದಲ್ಲೇ ಮೂಲೆಯಲ್ಲಿ ನಿಂತಿತ್ತು. ಅಪ್ಪ ದಿನಾ ಅದನ್ನು ಓರೆಗಣ್ಣಿನಿಂದ ನೋಡುತ್ತ ಚಹಾ ಕುಡಿಯುತ್ತಿದ್ದರು.

ಕಾಕಾರದು ಒಂದು ಪದ್ಧತಿ ಇತ್ತು. ಹಳೆಯ ಗಾದಿ ಬಿಚ್ಚಿಸಿ, ಹಿಂಜಿಸಿ, ಹೊಸದಾಗಿ ಹೊಲಿಸಬೇಕಾದವರು ರವಿವಾರ ಬೆಳಿಗ್ಗೆ ಅದನ್ನು ಕಂಪೌಂಡ್ ಗೋಡೆಯ ಮೇಲೆ ಹಾಕಿದರಾಯಿತು. ಕಾಕಾ ಬಂದು ಹೊತ್ತುಕೊಂಡು ಹೋಗುತ್ತಿದ್ದರು. ಕರೆಯುವುದೂ ಇಲ್ಲ, ಕೇಳುವುದೂ ಇಲ್ಲ. ಓಣಿಗೆಲ್ಲ ಇದು ಗೊತ್ತು. ಓಣಿಯವರ ಜೊತೆ ಮಾತಾಡದ ಅವ್ವನಿಗೆ ಹೇಗೆ ಗೊತ್ತಾಗಬೇಕು? ಯುಗಾದಿ ಹತ್ತಿರ ಬಂದಾಗ, ಊರಿಗೆ ಒಯ್ಯುವ ಮುಂಚೆ ಬಿಸಿಲಿಗೆ ಹಾಕೋಣವೆಂದು ಆಕೆ ಹಗ್ಗ ಬಿಚ್ಚಿ ಗಾದಿಯನ್ನು ಗೋಡೆಯ ಮೇಲೆ ಹರವಿದಳು. ಅಂದು ರವಿವಾರ. ನಾನಿನ್ನೂ ಎದ್ದಿರಲಿಲ್ಲ. ಅವ್ವ ಒಗ್ಗರಣೆ ಹಾಕಿ ಹೊರಗೆ ಬರುವಷ್ಟರಲ್ಲಿ ಗಾದಿ ಇಲ್ಲ.

ಎದ್ದು ಸಂಗತಿ ತಿಳಿದು, ಅದು ಎಲ್ಲಿಗೆ ಹೋಗಿರಬೇಕೆಂದು ನಾನು ಹೇಳಿದೆ. ಅವ್ವ ಚಪ್ಪಲಿಯನ್ನೂ ಮೆಟ್ಟದೆ ನಡೆದಳು, ಹಿಂದೆ ನಾನು. ಕಾಕಾರ ಅಂಗಳದಲ್ಲಿ ಗಾದಿ ಗಾದಿಯಾಗಿ ಉಳಿದಿರಲಿಲ್ಲ. ಹಿಂಜಿದ ಹತ್ತಿ ಮೊಣಕಾಲೆತ್ತರ ಉಬ್ಬಿ ನಿಂತಿತ್ತು. ಓಣಿಯ ಹೆಂಗಸರು ತಮ್ಮ ತಮ್ಮ ಗಾದಿಯ ಕಾವಲಿಗೆ ಕೂತಿದ್ದರು.

“ಯಾರನ್ನ ಕೇಳಿ ಒಯ್ದ್ರಿ?” ಎಂದಳು ಅವ್ವ. ಅಲ್ಲಿಂದ ಶುರುವಾಯಿತು ನೋಡಿ... ತಿಂಗಳುಗಟ್ಟಲೆ ಆಡದೆ ಇಟ್ಟಿದ್ದ ಮಾತೆಲ್ಲ ಹೊರಬಿತ್ತು. ಇಳಕಲ್ಲಿನ ಕಟ್ಟೆ, ಇಲ್ಲಿ ಬಾರದ ನಳದ ನೀರು, ಬಾಗಿಲು ಹಾಕಿಕೊಂಡೇ ಬದುಕುವ ಇಲ್ಲಿಯ ಮಂದಿ (ಹಾಕಿಕೊಂಡವಳು ತಾನೇ ಎಂಬುದು ಮರೆತುಹೋಗಿತ್ತು), ಹೊಲದ ಹತ್ತಿಯನ್ನು ಅವಳವ್ವ ಕೈಯಾರೆ ಆರಿಸಿ ತುಂಬಿಸಿದ್ದು. ಹೆಂಗಸರು ಒಬ್ಬರೂ ಎದ್ದು ಹೋಗಲಿಲ್ಲ. ಮಾಸ್ತರರ ಹೆಂಡತಿಯಂತೂ ನಳದ ನೀರಿನ ಮಾತಿಗೆ ಜೋರಾಗಿ ತಲೆಯಾಡಿಸಿದರು.

ಕಾಕಾ ಹಿಂಜುವ ಬಿಲ್ಲನ್ನು ಕೆಳಗಿಟ್ಟರು. “ತಪ್ಪು ನಂದ ತಂಗಿ. ಸಂಜೀಕ ಹೊಲದು ತಂದು ಕೊಡ್ತೇನಿ. ಆದ್ರ ಒಂದ್ ಹಿಡಿ ಹತ್ತಿ ಹೊಳ್ಳಿ ಬರೂದಿಲ್ಲ.”

ಪ್ರತಿ ಶನಿವಾರ ಸಂಜೆ ಸಿರಸಿಯವರ ಪಡಸಾಲೆಯಲ್ಲಿ ಹಾಡು ಇರುತ್ತಿತ್ತು. ಬರೀ ನೆಲದ ಮೇಲೆ ಕೂತು ಎಲ್ಲರ ಮೊಣಕಾಲೂ ಹಿಡಿಯುತ್ತಿದ್ದವು. ಅದಕ್ಕೆಂದು ಕಾಕಾ ಒಂದು ಅಗಲವಾದ ಗಾದಿ ತುಂಬುತ್ತಿದ್ದರು. ತಮ್ಮ ಕೈಗೆ ಬಂದ ಪ್ರತಿ ಮನೆಯ ಗಾದಿಯಿಂದ ಒಂದು ಹಿಡಿ ಹತ್ತಿ ಅದಕ್ಕೆ. ಉಳಿದವರು ಒಪ್ಪಿ ಕೊಟ್ಟಿದ್ದರು. ಅವ್ವನ ಹಿಡಿ ಕೇಳದೆಯೇ ಸೇರಿ, ಬೆರೆತು ಹೋಗಿತ್ತು.

“ಅದರ ಮ್ಯಾಲ ಯಾರು ಕುಂದರ್ತಾರ?” ಎಂದಳು ಇದನ್ನು ಕೇಳಿದ ಅವ್ವ.

“ಎಲ್ಲಾರೂ. ಮಾಸ್ತರು, ಹೊಸಪೇಟಿಯವರು, ನಾನು.”

“ನಮ್ಮವ್ವನ ಹತ್ತಿ ಮ್ಯಾಲ ಮಂದಿ ಕುಂದರೂದು, ನಾ ಮನ್ಯಾಗಿರೂದು?”

“ಹಂಗಿದ್ರ ನೀವೂ ಬಂದು ಕುಂದರ್ರಿ. ಯಾರು ಬ್ಯಾಡಂದಾರ?”

ಅವ್ವ ನಗಲಿಲ್ಲ. ಆದರೆ ಶನಿವಾರ ಇಳಕಲ್ ಸೀರೆ ಉಟ್ಟು, ಹತ್ತಿ ಕಾಯಲು ಹೋಗುತ್ತಿದ್ದೇನೆಂದು ಅಪ್ಪನಿಗೆ ಹೇಳಿ ಸಿರಸಿಯವರ ಮನೆಗೆ ಹೊರಟಳು. ತನ್ನ ಹಿಡಿ ಯಾವ ಮೂಲೆಯಲ್ಲಿದೆ ಎಂದು ಕೇಳಿದಳು. ಕಾಕಾ ಒಂದು ಮೂಲೆಯನ್ನು ತಟ್ಟಿ ತೋರಿಸಿದರು. ಅವರಿಗೆ ಖಂಡಿತ ಗೊತ್ತಿರಲಿಲ್ಲ. ಆ ಮುಖದ ಮೇಲಿನ ಭರವಸೆ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಆ ಮೂಲೆಯನ್ನು ಅವ್ವ ಮತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. ಮುಂದಿನ ವಾರ ಶೇಂಗಾ ಚಟ್ನಿ ಒಯ್ದಳು. ಅದರ ಮುಂದಿನ ವಾರ ನಳದ ನೀರಿನ ವಿಷಯಕ್ಕೆ ಹೆಂಗಸರನ್ನೆಲ್ಲ ಕಟ್ಟಿಕೊಂಡು ಕಚೇರಿಗೇ ಹೋಗಿ ಬಂದಳು. ಯುಗಾದಿ ಬಂತು, ಹೋಯಿತು. ಕಾಕಾ ಹೊಲಿದು ಕೊಟ್ಟ ತವರಿನ ಗಾದಿ ಮಂಚದ ಮೇಲಿತ್ತು. ಅಪ್ಪ ಅದರ ಮೇಲೆ ಕೂತು ಮತ್ತೊಂದು ಕಪ್ ಚಹಾ ಕೇಳಿದರು, ಅಷ್ಟೇ.

ಒಮ್ಮೆ ಅವ್ವ, ಹುಬ್ಬಳ್ಳಿ ಯಾಕೆ ಬಿಟ್ಟಿರೆಂದು ಖರೇ ಹೇಳಿರಿ ಅಣ್ಣಾ ಎಂದು ಪಟ್ಟು ಹಿಡಿದಳು. ಕಾಕಾ ಎಲೆಗೆ ಸುಣ್ಣ ಸವರಿದರು. “ಅಲ್ಲೆ ಎಲ್ಲಾರೂ ನಾ ಹುಟ್ಟೂಕಿಂತ ಮದ್ಲ ನಮ್ಮವರಾಗಿದ್ರವಾ. ನಾನಾಗಿ ಮಾಡಿಕೊಂಡವರು ಒಬ್ಬರೂ ಇರಲಿಲ್ಲ.” ಮತ್ತೆ ತಡೆಯಲಾಗದೆ, “ಗೊರಕಿನೂ ಖರೇನ,” ಎಂದರು.

ಹೋದ ವರ್ಷ ಬೇಸಗೆಯಲ್ಲಿ ಕಾಕಾ ತೀರಿಕೊಂಡರು. ಅವರ ಹಿರಿಯರೆಲ್ಲ ಇರುವ ಹಳೇ ಹುಬ್ಬಳ್ಳಿಯ ಮಣ್ಣಿಗೇ ಮಕ್ಕಳು ಒಯ್ದರು. ಗಾಡಿ ಓಣಿ ದಾಟುವವರೆಗೂ ಹೆಂಗಸರು ಗೇಟಿನಲ್ಲಿ ನಿಂತಿದ್ದರು. “ನಮ್ಮನ್ನೆಲ್ಲಾ ಇಲ್ಲೆ ಕುಂದರಿಸಿ, ತಾವು ತಮ್ಮೂರಿಗೆ ಹೋದ್ರು ನೋಡು,” ಎಂದಳು ಅವ್ವ. ಜಗಳದ ದನಿಯಲ್ಲೇ ಹೇಳಿದಳು.

ಈಗಲೂ ಊಟವಾದ ಮೇಲೆ ಒಮ್ಮೊಮ್ಮೆ ಕಾಕಾರ ದನಿ ತೆಗೆ ಎನ್ನುತ್ತಾಳೆ. ತೆಗೆಯುತ್ತೇನೆ. ಇಷ್ಟು ಮೆತ್ತಗೆ ಎಲ್ಲಿ ಮಾತಾಡುತ್ತಿದ್ದರು, ಜೋರು ಮಾಡು ಎನ್ನುತ್ತಾಳೆ. ಜೋರು ಮಾಡುತ್ತೇನೆ. ಆಕೆ ನಗುತ್ತಾಳೆ, ಬಾಗಿಲ ಕಡೆ ಒಮ್ಮೆ ನೋಡುತ್ತಾಳೆ... ಆಮೇಲೆ, ಸಾಕು ಬಿಡು ಎನ್ನುತ್ತಾಳೆ.