ಕೌದಿಯ ಅಂಗಿ

ನಿಜಾಮರ ಆಳ್ವಿಕೆ ಮುಗಿದ ಹೊಸತು. ಶಹಾಪುರದಲ್ಲಿ ಆಡಬೇಕಿದ್ದ ಶಾಲೆಯ ನಾಟಕಕ್ಕೆ ಹಳೆಯ ಕಾಲದ ಸೈನಿಕನ ವೇಷ ಬೇಕಿತ್ತು. ಕೈಯಲ್ಲಿ ಕಾಸಿರಲಿಲ್ಲ. ಆದರೂ ಸುರಪುರದ ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಇತಿಹಾಸದ ಮಾಸ್ತರರು ಸಿಕ್ಕಿದ್ದನ್ನು ಒಪ್ಪುವವರಲ್ಲ. ಏನು ತೋರಿಸಿದರೂ ಕನ್ನಡಕ ಹಣೆಗೇರಿಸಿ, “ಆಗ ಇತ್ತೇನ್ರಿ ಇದು?” ಎನ್ನುವರು. ಆಗಿನ ಸೈನಿಕರು ಕತ್ತಿಯೇಟು ತಡೆಯಲು ಪದರು ಪದರಾಗಿ ಬಟ್ಟೆ ಹೊಲಿದು ತೊಡುತ್ತಿದ್ದರೆಂದು, ಹಳೆ ಸೀರೆಗಳನ್ನು ಕೊಟ್ಟು ತಮ್ಮ ತಾಯಿಯಿಂದ ಕೌದಿಯಂಥ ದಪ್ಪ ಅಂಗಿ ಹೊಲಿಸಿದರು.

ಅದನ್ನು ಹೊತ್ತು ನಾವಿಬ್ಬರೂ ಶಹಾಪುರಕ್ಕೆ ಹೊರಟಾಗ ದಾರಿಯ ತಪಾಸಣೆ ನಾಕೆಯಲ್ಲಿ ಪೊಲೀಸನೊಬ್ಬ ತಡೆದ. ಎಲ್ಲರ ಗಂಟುಗಳಲ್ಲೂ ಆಯುಧ ಹುಡುಕುತ್ತಿದ್ದ ಕಾಲ. ಅಂಗಿಯೊಳಗೆ ಏನೋ ಗಟ್ಟಿಯಾದದ್ದು ಅವನ ಕೈಗೆ ಹತ್ತಿತು.

“ಏನೈತೋ ನನಗೂ ಗೊತ್ತಿಲ್ರಿ,” ಎಂದ ಮಾಸ್ತರರ ಮುಖ ಬಿಳಿಚಿತ್ತು.

ಪೊಲೀಸ ಹೊಲಿಗೆ ಬಿಚ್ಚಿದ. ಒಣಗಿದ ರೊಟ್ಟಿಯ ಚೂರು ಬಿತ್ತು.

“ಕೌದಿ ಹಸಿದಿರಬಾರದಂತ ನಮ್ಮವ್ವನೂ ಹಿಂಗ ಇಡ್ತಾಳ. ಹೋಗ್ರಿ,” ಎಂದು ನಕ್ಕ.

ಮಾಸ್ತರರು ಬೇವಿನ ಮರದಡಿ ಕೂತು, ಟೋಪಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಚೂರನ್ನು ಮತ್ತೆ ಒಳಗಿಟ್ಟು ಹೊಲಿಯತೊಡಗಿದರು.

“ಆಗ ಇತ್ತೇನ್ರಿ ಇದು?” ಎಂದೆ ನಾನು.

“ಇರಲಾರದ ಹೆಂಗ್ರಿ,” ಎಂದರು ತಲೆಯೆತ್ತದೆ. “ಆಗೂ ಹೊಲಿದಾಕಿ ಯಾರೋ ಒಬ್ಬ ಅವ್ವನೇ ಇರಬೇಕಲ್ರಿ.”