ಮಂಡಕ್ಕಿ ಭಟ್ಟಿಯ ಎರಡು ಜರಡಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೊಟ್ಟೂರಿನ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ದಿನಾ ಹರಪನಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಹಳೆಯ ನೋಟ್ಸನ್ನು ಬೋರ್ಡಿನ ಮೇಲೆ ಇಳಿಸಿ, ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದೆ. ವಿಷಯ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದಷ್ಟೇ ಸಾಕು ಎಂದುಕೊಂಡಿದ್ದೆ.

ಆ ದಿನ ವಿದ್ಯುತ್ಕಾಂತೀಯ ಅಲೆಗಳ ಪಾಠ. ಇವು ಸಾಗಲು ಗಾಳಿ, ನೀರು ಯಾವುದೂ ಬೇಕಿಲ್ಲ. ಬೆಳಕು, ರೇಡಿಯೊ ಅಲೆ, ಎಕ್ಸ್‌ರೇ ಎಲ್ಲವೂ ಒಂದೇ ಬಗೆಯವು. ಖಾಲಿ ಜಾಗದಲ್ಲಿ ಎಲ್ಲದರ ವೇಗವೂ ಒಂದೇ, ಬೇರೆಯಾಗುವುದು ಅಲೆಯ ಉದ್ದ ಮಾತ್ರ ಎಂದು ಬರೆಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ತಾಯಿ ಊರಂಚಿನ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುತ್ತಿದ್ದರು. ಮನೆಯಲ್ಲಿ ಸಣ್ಣ ಟ್ರಾನ್ಸಿಸ್ಟರನ್ನು ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಿದರೆ ಹಾಡು ನಿಂತುಹೋಗುತ್ತದೆ, ಹಾಗಾದರೆ ಈ ಅಲೆ ಸ್ಟೀಲನ್ನು ದಾಟುವುದಿಲ್ಲವೇ ಎಂದು ಕೇಳಿದಳು. ಡಬ್ಬಿ ಮುಚ್ಚಿದರೆ ಧ್ವನಿ ಹೊರಗೆ ಬರುವುದಿಲ್ಲ, ಅದರಲ್ಲೇನು ದೊಡ್ಡ ವಿಷಯ ಎಂದೆ. ತರಗತಿ ನಕ್ಕಿತು. ಅವಳು ಕುಳಿತಳು.

ಮುಂದಿನ ವಾರ ಅವಳು ಎರಡು ಜರಡಿ ಹಿಡಿದುಕೊಂಡು ಬಂದಳು. ಭಟ್ಟಿಯಲ್ಲಿ ಮಂಡಕ್ಕಿಯಿಂದ ಮರಳು ಬೇರೆ ಮಾಡುವಂಥವು. ಅಂಚೂ ಕಬ್ಬಿಣ, ಜಾಲರಿಯೂ ಕಬ್ಬಿಣ. ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲಿ ಧಾರವಾಡದ ಸ್ಟೇಷನ್ನಿನ ಹಾಡು ಬರುತ್ತಿತ್ತು. ಅದನ್ನು ಒಂದು ಜರಡಿಯೊಳಗಿಟ್ಟು ಇನ್ನೊಂದನ್ನು ಮೇಲೆ ಬೋರಲು ಹಾಕಿದಳು. ಹಾಡು ನಿಂತಿತು, ಬುಸ್ ಎನ್ನುವ ಸಪ್ಪಳ ಮಾತ್ರ ಉಳಿಯಿತು. ಎತ್ತಿದಾಗ ಹಾಡು ಮತ್ತೆ ಬಂತು.

"ಈಗ ಧ್ವನಿಗೆ ಅಡ್ಡ ಏನೂ ಇಲ್ಲಲ್ರಿ ಸರ್," ಎಂದಳು. "ಬುಸ್ ಅನ್ನೋದು ತೂತಿನಾಗ ಹಾದು ಕೇಳ್ತೈತಿ. ಒಳಗಿನ ರೇಡಿಯೊನೂ ಕಾಣ್ತೈತಿ. ಹಾಡು ಅಷ್ಟ ಬರವಲ್ದು. ಬೆಳಕು, ರೇಡಿಯೊ ಅಲಿ ಎಲ್ಲಾ ಒಂದ ಅಂದ್ರಿ. ಬೆಳಕು ತೂತಿನಾಗ ಹೋಗ್ತೈತಿ, ಅದ್ಯಾಕ ಹೋಗಂಗಿಲ್ರಿ?"

ನನಗೆ ಉತ್ತರ ಗೊತ್ತಿರಲಿಲ್ಲ. ನಾಚಿಕೆಯಾಗಬೇಕಿತ್ತು, ಬಂದದ್ದು ಸಿಟ್ಟು. ಇದು ಪರೀಕ್ಷೆಗೆ ಬರುವುದಿಲ್ಲ, ಕೂಡು ಎಂದೆ. ಜರಡಿಗಳನ್ನು ಮಾತ್ರ ಪ್ರಯೋಗಾಲಯದಲ್ಲಿ ಬಿಟ್ಟುಹೋಗಲು ಹೇಳಿದೆ.

ಹಡಗಲಿಯಲ್ಲಿ ನಡೆಯಲಿದ್ದ ಉಪನ್ಯಾಸಕರ ಪ್ರಯೋಗ ಪ್ರದರ್ಶನದ ಸ್ಪರ್ಧೆಗೆ ಎರಡೇ ವಾರ ಉಳಿದಿತ್ತು. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಲೈಬ್ರರಿಯಲ್ಲಿ ಒಂದು ದಪ್ಪ ಪುಸ್ತಕ ತೆಗೆದು ನೋಡಿದೆ. ಆ ರೇಡಿಯೊ ಅಲೆಯ ಉದ್ದ ನೂರಾರು ಮೀಟರ್. ಅಷ್ಟುದ್ದದ ಅಲೆಗೆ ಅಕ್ಕಿಕಾಳಿನಷ್ಟು ತೂತುಗಳಿರುವ ಲೋಹದ ಜಾಲರಿ ತಗಡಿನ ಗೋಡೆಯಿದ್ದಂತೆ. ಬೆಳಕಿನ ಅಲೆ ಕೂದಲಿನ ದಪ್ಪಕ್ಕಿಂತ ಎಷ್ಟೋ ಚಿಕ್ಕದು, ಅದು ಸಲೀಸಾಗಿ ನುಗ್ಗಿಹೋಗುತ್ತದೆ. ಹುಡುಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಮರುದಿನ ಅದೇ ತರಗತಿಗೆ ಹೋದೆ, ಅವಳೂ ಇದ್ದಳು. ಮುಂದಿನ ಪಾಠ ಬರೆಸಿದೆ.

ಹಡಗಲಿಯಲ್ಲಿ ಅವೇ ಜರಡಿಗಳ ಪ್ರಯೋಗ ತೋರಿಸಿದೆ. ತೀರ್ಪುಗಾರರೊಬ್ಬರು ಥೇಟ್ ಅವಳ ಪ್ರಶ್ನೆಯನ್ನೇ ಕೇಳಿದರು. ನಾನು ತಡವರಿಸದೆ ಉತ್ತರಿಸಿದೆ. ಸ್ವಂತ ಯೋಚನೆಯೇ ಎಂದರು. ಹೌದು ಎಂದೆ. ಮೊದಲ ಬಹುಮಾನ ಬಂತು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಪ್ರಾಂಶುಪಾಲರು ಎಲ್ಲರೆದುರು ನನಗೆ ಶಾಲು ಹೊದಿಸಿದರು. ಅವಳೂ ಸಾಲಿನಲ್ಲಿದ್ದಳು. ಆ ಕಡೆ ನಾನು ನೋಡಲಿಲ್ಲ.

ಅದಾಗಿ ಮೂರು ದಿನಕ್ಕೆ ಅವಳ ತಾಯಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದರು. ಸೀರೆಯ ಮೇಲೆ ಭಟ್ಟಿಯ ಬೂದಿಯಿತ್ತು. ಪ್ರಾಂಶುಪಾಲರು ಅಲ್ಲೇ ಕುಳಿತಿದ್ದರು. ಭಟ್ಟಿಯ ಸಾಹುಕಾರರು ಜರಡಿ ಕೇಳುತ್ತಿದ್ದಾರೆ, ಕೊಟ್ಟುಬಿಡಿ ಎಂದು ಆ ತಾಯಿ ಮೆಲ್ಲಗೆ ಹೇಳಿದರು. ಯಾವ ಜರಡಿ ಎಂದು ಪ್ರಾಂಶುಪಾಲರು ನನ್ನತ್ತ ತಿರುಗಿದರು. ನನ್ನ ಪ್ರಯೋಗಕ್ಕೆ ತರಿಸಿಕೊಂಡಿದ್ದೆ ಎಂದೆ.

"ಅದು ನನ್ನ ಮಗಳು ಮಾಡಿದ್ದಂತಲ್ರಿ," ಎಂದರು ತಾಯಿ. ಅವರ ದನಿಯಲ್ಲಿ ಜಗಳವಿರಲಿಲ್ಲ, ಹೆಮ್ಮೆಯಿತ್ತು. ಮಗಳಿಗೂ ಬಹುಮಾನ ಬಂದಿದೆ ಎಂದೇ ತಿಳಿದುಕೊಂಡಿದ್ದರು.

"ಜರಡಿ ತಂದುಕೊಟ್ಟಾಳಮ್ಮ, ಅಷ್ಟ," ಎಂದೆ.

ಹೊರಗೆ ಕಂಬದ ಪಕ್ಕದಲ್ಲಿ ಅವಳು ನಿಂತಿದ್ದಳು. ಅಟೆಂಡರ್ ತಂದ ಜರಡಿಗಳನ್ನು ತೆಗೆದುಕೊಂಡು, ತಾಯಿಯ ಕೈ ಹಿಡಿದು, ಗೇಟಿನ ಕಡೆ ನಡೆದಳು. ಆ ವರ್ಷ ಅವಳು ಮತ್ತೆ ಏನನ್ನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವು, ಆದರೂ ವಿಜ್ಞಾನ ಬಿಟ್ಟು ಬಿ.ಎ.ಗೆ ಸೇರಿದಳೆಂದು ಯಾರೋ ಹೇಳಿದರು. ಬೇಸಿಗೆ ರಜೆ ಮುಗಿಯುವುದರೊಳಗೆ ನನ್ನ ಕೆಲಸ ಖಾಯಂ ಆಯಿತು.

ಹತ್ತು ವರ್ಷ ಕಳೆದ ಮೇಲೆ ಪರೀಕ್ಷೆಯ ಮೇಲ್ವಿಚಾರಣೆಗೆಂದು ಸಹೋದ್ಯೋಗಿಯೊಬ್ಬರ ಜೊತೆ ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಒಂದು ಕಾಗದ ರಿಜಿಸ್ಟರ್ ಮಾಡಿಸಲು ಅಂಚೆ ಕಚೇರಿಗೆ ಹೋದರೆ ಕೌಂಟರಿನ ಆಚೆ ಅವಳೇ ಇದ್ದಳು. ಗುರುತು ಹಿಡಿದಳು. ಚೆನ್ನಾಗಿದ್ದೀರಾ ಎಂದು ಕೇಳಿದಳು, ಲಕೋಟೆ ತೂಗಿದಳು, ಅಂಚೆಚೀಟಿ ಅಂಟಿಸಿದಳು. ಅವತ್ತು ನಾನು ಮಾಡಿದ್ದು ತಪ್ಪು ಎಂದೆ. ಅಷ್ಟು ಹೇಳಲು ನನಗೆ ಹತ್ತು ವರ್ಷ ಬೇಕಾಗಿತ್ತು. ಹೇಳಿದ ಕೂಡಲೇ ಅವಳು ನನ್ನನ್ನು ಸಮಾಧಾನ ಮಾಡುತ್ತಾಳೆಂದು ಒಳಗೊಳಗೇ ಕಾದೆ.

ಅವಳು ರಸೀದಿಗೆ ಮುದ್ರೆ ಒತ್ತಿ ಮುಂದೆ ಸರಿಸಿದಳು.

"ನನ್ನ ತಂಗಿ ಈ ವರ್ಷ ಸೈನ್ಸ್ ತಗೊಂಡಾಳ್ರಿ ಸರ್," ಎಂದಳು. "ಕೊಟ್ಟೂರಾಗ ಮನಿ ಇದ್ದರೂ ನಿಮ್ಮ ಕಾಲೇಜಿಗೆ ಹಚ್ಚಲಿಲ್ಲ. ಕೂಡ್ಲಿಗಿಗೆ ಕಳಿಸ್ತೀವಿ, ದಿನಾ ಬಸ್ಸಿನಾಗ ಹೋಗಿ ಬರ್ತಾಳ."

ಆಮೇಲೆ ನನ್ನ ಹಿಂದೆ ನಿಂತ ಮುದುಕನತ್ತ ಕೈಚಾಚಿ, ಪಾಸ್‌ಬುಕ್ ಕೊಡಲು ಹೇಳಿದಳು. ನಾನು ಪಕ್ಕಕ್ಕೆ ಸರಿದೆ.

ಹೊರಗೆ ಸಹೋದ್ಯೋಗಿ ಕಾಯುತ್ತಿದ್ದರು. ಇಷ್ಟು ಹೊತ್ತು ಯಾಕಾಯಿತು ಎಂದು ಕೇಳಿದರು. ಒಳಗೆ ಬಹಳ ಜನ ಇದ್ದರು ಎಂದೆ.